ರೋಗಿಯ ಕಡೆಯವನು, ಆಸ್ಪತ್ರೆಯ ಪಗಾರದವನು

ರೋಗಿಗಳ ಪರವಾಗಿ ಮಾತನಾಡಲು ಆಸ್ಪತ್ರೆಯೇ ಸಂಬಳ ಕೊಟ್ಟು ಒಬ್ಬನನ್ನು ಇಟ್ಟುಕೊಂಡರೆ ಇಂಥವು ನಡೆಯುತ್ತಲೇ ಇರುತ್ತವೆ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆ ಒಬ್ಬ ನಾನು. ಓದಿದ್ದು ಬಿ.ಎಸ್ಸಿ., ಕೆಮಿಸ್ಟ್ರಿ.

೧. ಪರಿಚಯ

ಹರಿಹರದ ಪಕ್ಕದ ಗುತ್ತೂರಿನ ಅಜ್ಜಿಯೊಬ್ಬರು ಪಿತ್ತಕೋಶದ ಕಲ್ಲು ತೆಗೆಸಲು ದಾಖಲಾದರು. ಹೋಗಿ ಹೇಳಿದೆ: "ಇಲ್ಲಿ ನಿಮ್ಮ ಪರ ಮಾತಾಡೋನು ನಾನು, ಅಜ್ಜಿ."

"ಪಗಾರ ಯಾರು ಕೊಡ್ತಾರಪ್ಪ?"

"ಆಸ್ಪತ್ರೆಯವರು."

"ಮಂಡಿಯಾಗ ದಲ್ಲಾಳೀನೂ ನಮ್ಮ ಹೆಗಲ ಮ್ಯಾಲೇ ಕೈ ಹಾಕಿ ನಿಂತಿರ್ತಾನೆ, ತೂಕ ಮಾತ್ರ ಸಾವ್ಕಾರಂದು. ಹೋಗ್ಲಿ, ಕುಂದ್ರು."

೨. ರೌಂಡ್ಸ್

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಎದ್ದು ನಿಂತರೆ ಅಜ್ಜಿಗೆ ತಲೆಸುತ್ತು. ಅದನ್ನು ನನಗೊಬ್ಬನಿಗೇ ಹೇಳುತ್ತಿದ್ದರು. ಡಾಕ್ಟರು ಕೇಳಿದರೆ, "ಆರಾಮಿದೀನ್ರಿ."

ಯಾಕೆ ಹೀಗೆ ಎಂದೆ.

"ಅಷ್ಟು ಚೆಂದಾಗಿ ಕೇಳೋರಿಗೆ ಆರಾಮಿಲ್ಲ ಅಂದ್ರೆ, ಅವರ ಕೆಲಸಕ್ಕೆ ಹೆಸರಿಟ್ಟಂಗಲ್ಲೇನೋ?"

ಮರುದಿನ ಡಾಕ್ಟರಿಗೆ ನಾನೇ ಹೇಳಿದೆ: "ಸರ್, ಇವರಿಗೆ ತಲೆ ಸುತ್ತುತ್ತೆ."

"ಅವಂಗೆ ಸುತ್ತಿರಬೇಕ್ರಿ," ಎಂದರು ಅಜ್ಜಿ. "ಬೆಳಗಿಂದ ಏನೂ ತಿಂದಿಲ್ಲ. ಮಕ ನೋಡ್ರಿ."

ಡಾಕ್ಟರು ನನಗೆ ಬಾಳೆಹಣ್ಣು ತಿನ್ನಲು ಹೇಳಿ, ಅಜ್ಜಿಗೆ ಡಿಸ್ಚಾರ್ಜ್ ಬರೆದರು.

೩. ವಾರ

ಮ್ಯಾನೇಜರಿಗೆ ಬೆಡ್ ಬೇಕಿತ್ತು. "ಅಜ್ಜೀನ ಇವತ್ತೇ ಕಳಿಸಪ್ಪ."

"ತಲೆಸುತ್ತು ಐತೆ ಸರ್. ಮನೇಲಿ ಬಿದ್ದರೆ?"

"ಡಾಕ್ಟ್ರು ಆರಾಮ ಅಂತಾರೆ, ಅಜ್ಜೀನೂ ಆರಾಮ ಅಂತಾರೆ. ನಿಂದೇನು?"

ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು. "ಸರ್, ಇವತ್ತು ಮಂಗಳವಾರ. ಹೆಣ್ಮಗಳನ್ನ ಮಂಗಳವಾರ ಕಳಿಸೋದಾ?"

ಮ್ಯಾನೇಜರು ಕ್ಯಾಲೆಂಡರ್ ನೋಡಿ ಗಾಬರಿಯಾದರು. "ಮೊದಲೇ ಹೇಳಾಕೆ ಏನಾಗಿತ್ತೋ ನಿಂಗೆ?"

೪. ಉಡಿ

ಬುಧವಾರ ಡಾಕ್ಟರು ಬಂದಾಗ, "ಕೇಳಬೇಡಿ ಸರ್. ಅಜ್ಜೀನ ಎಬ್ಬಿಸಿ ನಿಲ್ಲಿಸಿ ಬಿಪಿ ನೋಡಿ," ಎಂದೆ. ನೋಡಿದರು. ತೀರಾ ಇಳಿದಿತ್ತು. ಬಿಪಿ ಮಾತ್ರೆ ಬದಲಾಯಿತು. ಗುರುವಾರ ಅಜ್ಜಿ ನನ್ನ ಕೈ ಹಿಡಿಯದೆ ವಾರ್ಡ್ ಸುತ್ತಿ ಬಂದರು.

ಹೊರಡುವಾಗ ಸೀದಾ ಮ್ಯಾನೇಜರ ಮುಂದೆ ನಿಂತು ಸೆರಗೊಡ್ಡಿದರು. "ಮಂಗಳವಾರ ಕಳಿಸಲಿಲ್ಲ ಅಂದ ಮ್ಯಾಲೆ ಇದು ನನ್ನ ತವರುಮನೀನೇ ಆತು. ಬರೇ ಉಡೀಲಿ ಕಳಿಸ್ತೀರೇನ್ರಿ?"

ಮ್ಯಾನೇಜರು ಸುತ್ತ ನೋಡಿದರು. ಕೊನೆಗೆ ದೇವರ ಪಟದ ಮುಂದಿದ್ದ ತೆಂಗಿನಕಾಯಿ ಎತ್ತಿ, ಸಿಸ್ಟರ್ ಕೈಯಲ್ಲಿ ಉಡಿಗೆ ಹಾಕಿಸಿ, ನನ್ನ ಕಡೆ ತಿರುಗಿದರು. "ಲೇ, ನೀನು ಯಾರ ಕಡೆಯವನೋ?"

ಉತ್ತರ ಅಜ್ಜಿಯೇ ಕೊಟ್ಟರು.

"ನನ್ನ ಕಡೆಯವನ್ರಿ. ಪಗಾರ ಮಾತ್ರ ನೀವೇ ಕೊಡ್ರಿ."