ಕಾಣದ ಚಿತ್ರಕ್ಕೆ ಕಟ್ಟಿದ ಮಟ್ಟು

ಕಸುಬಿಗೊಂದು ಹೆಸರಿರುವವರು ಪುಣ್ಯವಂತರು. ಬಡಗಿ, ಶಾನುಭೋಗ, ಮೇಷ್ಟ್ರು, ಕಂಡಕ್ಟರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿ ಎಲೆ ಅಡಿಕೆಗೆ ಕೈ ಹಾಕಬಹುದು. ನನಗೆ ಆ ಭಾಗ್ಯ ಇರಲಿಲ್ಲ. ನಾನೇನು ಮಾಡುತ್ತೇನೆಂದು ಯಾರಾದರೂ ಕೇಳಿದರೆ ಹೇಳಿ ಮುಗಿಸುವಷ್ಟರಲ್ಲಿ ಅವರ ಬಸ್ಸು ಬಂದುಬಿಡುತ್ತಿತ್ತು. ಈಗ ವಯಸ್ಸಾಗಿದೆ, ಬಸ್ಸು ಬಂದರೂ ಹತ್ತುವವರು ನಿಧಾನವಾಗಿ ಹತ್ತುತ್ತಾರೆ. ಆದ್ದರಿಂದ ಸಾವಕಾಶವಾಗಿಯೇ ಹೇಳುತ್ತೇನೆ. ಊರಿಂದೂರಿಗೆ ತಿರುಗುತ್ತಿದ್ದ ಒಂದು ಟೆಂಟ್ ಸಿನಿಮಾದ ಪ್ರಚಾರದ ಬಂಡಿಯಲ್ಲಿ ಕೂತು, ನಾನಿನ್ನೂ ಕಣ್ಣಿನಿಂದ ಕಾಣದ ಚಿತ್ರಗಳಿಗೆ ಸಂಗೀತ ಕಟ್ಟುವುದು ನನ್ನ ಕೆಲಸವಾಗಿತ್ತು.

ಮೊದಲು ನಾನು ಒಂದು ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರನಾಗಿದ್ದೆ. ಹೊನ್ನಾಳಿಯ ಹೊಳೆದಂಡೆಯಲ್ಲಿ ಕ್ಯಾಂಪು ಹಾಕಿದ್ದಾಗ ನಮ್ಮ ರಾಜಪಾರ್ಟಿನವರೂ ಸ್ತ್ರೀಪಾರ್ಟಿನವರೂ ಜಗಳವಾಡಿಕೊಂಡು ಒಂದೇ ದಿನ ಎರಡು ದಿಕ್ಕಿಗೆ ಹೋದರು. ಪರದೆಗಳು ಮೂರನೆಯ ದಿಕ್ಕಿಗೆ ಹೋದವು. ಉಳಿದವನು ನಾನು, ನನ್ನ ಪೆಟ್ಟಿಗೆ. ಅದೇ ವಾರ ಚನ್ನವೀರಪ್ಪನವರ ಟೆಂಟ್ ಅಲ್ಲಿಗೆ ಬಂತು. ಮಾತಾಡುವ ಚಿತ್ರಗಳು ಹೊಸದಾಗಿ ಬಂದಿದ್ದ ಕಾಲ. ಚನ್ನವೀರಪ್ಪನವರು ನನ್ನನ್ನೂ ಪೆಟ್ಟಿಗೆಯನ್ನೂ ಒಮ್ಮೆ ನೋಡಿ, "ಮಾಸ್ತರೆ, ಊಟಕ್ಕೆ ಮುಂಚೆ ಸಾರಿನ ವಾಸನೆ ಬರ್ಬೇಕು. ಅಂದ್ರೆ ಹಸಿವು ಹುಟ್ತೈತೆ. ನೀವು ನನಗೆ ಆ ವಾಸನೆ ಮಾಡಿಕೊಡ್ರಿ ಸಾಕು" ಎಂದರು. ಸಾರು ಹೇಗಿದೆ ಎಂದು ಕೇಳಿದೆ. "ಅದು ನನಗೂ ಗೊತ್ತಿಲ್ಲ. ರೀಲಿನ ಡಬ್ಬ ಸಂಜೆ ಬಸ್ಸಿಗೆ ಬರ್ತೈತೆ" ಎಂದರು.

ವ್ಯವಹಾರ ಹೀಗಿತ್ತು. ಬಂಡಿಯ ಎರಡೂ ಕಡೆ ಚಿತ್ರದ ಪೋಸ್ಟರ್ ಅಂಟಿಸಿದ ತಟ್ಟಿಗಳನ್ನು ಗುಡಿಸಲಿನಂತೆ ಆನಿಸುವುದು. ಒಳಗೆ ಹಾರ್ಮೋನಿಯಮ್ಮನ್ನು ಹಗ್ಗದಿಂದ ಕಟ್ಟಿ ನಾನು ಕೂರುವುದು. ಮುಂದೆ ತಮಟೆ ಬಾರಿಸುತ್ತ ಇಮಾಮ್ ಸಾಬ್ ನಡೆಯುವುದು. ಚಿತ್ರ ತಮಿಳೋ ಹಿಂದಿಯೋ ಆಗಿರುತ್ತಿತ್ತು. ಕಥೆ ಏನೆಂದು ತಿಳಿಯಲು ನನಗಿದ್ದ ಆಧಾರ ಆ ಪೋಸ್ಟರ್ ಒಂದೇ. ಅದರಲ್ಲಿ ಹೆಣ್ಣು ಕಣ್ಣೊರೆಸಿಕೊಳ್ಳುತ್ತಿದ್ದರೆ ವಿಳಂಬ, ಗಂಡು ಮೀಸೆ ತಿರುವುತ್ತಿದ್ದರೆ ದ್ರುತ, ಇಬ್ಬರೂ ಇದ್ದರೆ ಓಣಿಯ ಈ ತುದಿಯಿಂದ ವಿಳಂಬ, ಆ ತುದಿಯಿಂದ ದ್ರುತ. ಉಳಿದದ್ದನ್ನು ರಸ್ತೆ ನೋಡಿಕೊಳ್ಳುತ್ತಿತ್ತು. ಗಾಲಿ ಗುಂಡಿಗೆ ಬಿದ್ದಾಗ ನಾನು ಹಾಕದ ಗಮಕವೊಂದು ತಾನಾಗಿ ಬೀಳುತ್ತಿತ್ತು. ಕೆಲವು ಬಲ್ಲವರು ಅವನ್ನೇ ಮೆಚ್ಚಿಕೊಂಡದ್ದೂ ಉಂಟು.

ಒಮ್ಮೆ ಚನ್ನಗಿರಿಗೆ ಬಂದಾಗ ಪೋಸ್ಟರ್ ಮಳೆಗೆ ನೆನೆದು ಅದರ ಮೇಲಿನ ಅರ್ಧ ಕಿತ್ತುಹೋಗಿತ್ತು. ಉಳಿದ ಅರ್ಧದಲ್ಲಿ ಬಾಯಿ ತೆರೆದ ಹುಲಿ. ನಾನು ಹುರುಪಿನಿಂದ ಒಂದು ಬೇಟೆಯ ಮಟ್ಟು ಕಟ್ಟಿದೆ. ಇಮಾಮ್ ಸಾಬರ ತಮಟೆ ಕೇಳಿ ಕೋಟೆಯ ಬೆಟ್ಟದ ಬುಡದವರೆಗೂ ನಾಯಿಗಳು ಬೊಗಳಿದವು. ಸಂಜೆ ಟೆಂಟ್ ತುಂಬಿ ತುಳುಕಿತು. ಚಿತ್ರ ನೋಡಿದರೆ ಅದೊಬ್ಬ ಸಾಧುವಿನ ಕಥೆ. ಮೊದಲಿನಿಂದ ಕೊನೆಯವರೆಗೂ ಅವರು ಕಣ್ಣುಮುಚ್ಚಿ ಕೂತಿದ್ದರು. "ಹುಲಿ ಎಲ್ಲೈತ್ರಿ?" ಎಂದು ಜನ ಕೂಗಿದರು. ಚನ್ನವೀರಪ್ಪನವರು ಒಂದಿಷ್ಟೂ ಅಳುಕದೆ, "ಅವರು ಕೂತಾರಲ್ಲ, ಅದರ ಮ್ಯಾಲೇ ಕೂತಾರೆ. ಸರಿಯಾಗಿ ನೋಡ್ರಿ" ಎಂದರು. ಹುಲಿಯ ಚರ್ಮವನ್ನು ಚನ್ನಗಿರಿಯ ಜನ ಅಷ್ಟು ಶ್ರದ್ಧೆಯಿಂದ ಇನ್ನೆಂದೂ ನೋಡಿರಲಾರರು.

ಇಷ್ಟಾದರೂ ನನ್ನ ಕೆಲಸ ಉಳಿದದ್ದು ಒಂದು ಗುಟ್ಟಿನಿಂದ, ಅದೂ ಆಕಸ್ಮಿಕವಾಗಿ ಸಿಕ್ಕ ಗುಟ್ಟು. ಹೊನ್ನಾಳಿಯಲ್ಲಿ ಮೊದಲ ದಿನ ಒಂದು ಒಳ್ಳೆಯ ಮಟ್ಟು ಹಿಡಿದು ಏರಿಸಿಕೊಂಡು ಹೋಗಿ, ಇನ್ನೇನು ಇಳಿದು ಷಡ್ಜಕ್ಕೆ ಬಂದು ಕೂರಬೇಕು, ಅಷ್ಟರಲ್ಲಿ ಪೆಟ್ಟಿಗೆಯ ತಿದಿ ಹರಿಯಿತು. ಹಾಡು ಗಾಳಿಯಲ್ಲೇ ನಿಂತಿತು. ರೊಟ್ಟಿ ತಟ್ಟುತ್ತಿದ್ದ ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಮುಂದೆ?" ಎಂದರು. ಇಮಾಮ್ ಸಾಬ್ ಜಾಣ. "ಮುಂದಿಂದು ಟೆಂಟಿನಾಗೆ ಐತೆ ತಾಯಿ, ಸಂಜಿಗೆ ಬರ್ರಿ" ಎಂದುಬಿಟ್ಟರು. ಅವರು ಬಂದರು. ಗಂಡಂದಿರನ್ನೂ ಕರೆತಂದರು. ಅಂದಿನಿಂದ ಚನ್ನವೀರಪ್ಪನವರ ಅಪ್ಪಣೆಯಾಯಿತು: ಯಾವ ಮಟ್ಟನ್ನೂ ಪೂರ್ತಿ ಮಾಡಕೂಡದು. ನನಗೂ ಹಿತವೆನಿಸಿತು. ಹಾಡು ಶುರು ಮಾಡುವುದು ಸುಲಭ, ಕಷ್ಟವೆಲ್ಲ ಮುಗಿಸುವುದರಲ್ಲಿ. ಊರೂರು ತಿರುಗಿ ನಾನು ಕಟ್ಟಿದ ಮಟ್ಟುಗಳಲ್ಲಿ ಒಂದೂ ಮನೆ ಮುಟ್ಟಲಿಲ್ಲ.

ಈ ನಡುವೆ ನನ್ನ ಮದುವೆಯಾಯಿತು. ಹೆಣ್ಣು ಬಸವಾಪಟ್ಟಣದವಳು, ಗಿರಿಜೆ. ಮಾವನವರು ಅಡಿಕೆ ವ್ಯಾಪಾರದ ಗಂಭೀರ ಮನುಷ್ಯರು. ನಾಟಕ, ಸಿನಿಮಾ ಅಂದರೆ ಆಗದು. ಸಂಬಂಧ ಕುದುರಿಸಿದವರು ನನ್ನ ಬಗ್ಗೆ, "ಹುಡುಗ ಸಿನಿಮಾಗಳಿಗೆ ಸಂಗೀತ ಕೊಡ್ತಾನೆ, ದೊಡ್ಡ ಹೆಸರು" ಎಂದಿದ್ದರಂತೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ, 'ದೊಡ್ಡ' ಎನ್ನುವುದನ್ನು ಬಿಟ್ಟರೆ. ಆ 'ದೊಡ್ಡ ಹೆಸರಿ'ಗೆ ಸೋತ ಮಾವನವರು ಮದರಾಸು, ಕೊಲ್ಲಾಪುರದ ಸ್ಟುಡಿಯೋ ಎಂದೇನೇನೋ ಊಹಿಸಿಕೊಂಡು ಹೆಣ್ಣು ಕೊಟ್ಟರು. ನಾನು ಬಿಡಿಸಿ ಹೇಳಲಿಲ್ಲ. ಹಿರಿಯರ ಊಹೆಗೆ ಅಡ್ಡಿ ಬರಬಾರದು.

ಗಿರಿಜೆಗೆ ನಿಜ ತಿಳಿದದ್ದು ನ್ಯಾಮತಿಯಲ್ಲಿ, ನಾವು ಸಂಸಾರ ಹೂಡಿದ ಮೊದಲ ವಾರ. ಬಾಗಿಲಲ್ಲಿ ನಿಂತಿದ್ದಳು, ಬೀದಿಯಲ್ಲಿ ತಮಟೆ, ಹಿಂದೆ ಎತ್ತು, ಹಿಂದೆ ಬಂಡಿ, ಬಂಡಿಯೊಳಗೆ ಧೂಳು ಮೆತ್ತಿದ ಗಂಡ. ನಮ್ಮ ಕಣ್ಣು ಕೂಡಿದವು. ನನ್ನ ಬೆರಳು ಅಪಸ್ವರಕ್ಕೆ ಬಿತ್ತು. ಮನೆಗೆ ಬಂದಾಗ ಏನನ್ನುತ್ತಾಳೋ ಎಂದು ಹೆದರಿದ್ದೆ. ಅವಳು ನೀರು ಕೊಟ್ಟು, "ನೆತ್ತಿ ಮ್ಯಾಲೆ ಬಿಸಿಲು ಬಾಳ ಐತೆ. ನಾಳೆಯಿಂದ ಒಂದು ಟವೆಲ್ ಸುತ್ಕಳ್ರಿ" ಎಂದಳು. ಅಷ್ಟೇ. ತವರಿಗೂ ಹೇಳಲಿಲ್ಲ. ಅಂಥ ಹೆಣ್ಣುಮಗಳನ್ನು ಮೆಚ್ಚದೆ ಇರುವುದು ಹೇಗೆ?

ಒಂದೆರಡು ವರ್ಷ ಕಳೆದು ಟೆಂಟು ಜಗಳೂರಿಗೆ ಹೋಯಿತು, ಅದರ ಹಿಂದೆ ನಮ್ಮ ಸಂಸಾರವೂ ಹೋಯಿತು. ಅಲ್ಲಿ ಬಯಲು, ಶೇಂಗಾದ ಹೊಲ, ಕುರಿ, ಗಾಳಿ. ಅಡ್ಡ ಬರುವ ಗಿಡಮರ ಇಲ್ಲದ್ದರಿಂದ ನನ್ನ ಸಂಗೀತ ಹಿಂದೆಂದೂ ಹೋಗದಷ್ಟು ದೂರ ಹೋಗುತ್ತಿತ್ತು. ಆ ಸಲದ ಮಟ್ಟು, ನಾನೇ ಹೇಳಿಕೊಳ್ಳಬಾರದು, ಚೆನ್ನಾಗಿ ಬಂದಿತ್ತು. ಡಬ್ಬ ಬರುವುದು ತಡವಾಗಿ ಮೂರು ದಿನ ಅದನ್ನೇ ನುಡಿಸುತ್ತ ತಿರುಗಿದೆವು. ಮೂರನೆಯ ದಿನ ಡಬ್ಬ ಬಂತು. ಅದೇ ಬಸ್ಸಿನಲ್ಲಿ ಮಾವನವರೂ ಬಂದರು.

"ಮಗಳನ್ನ ನೋಡಾಕೆ ಬಂದೆ" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಹೆಂಗೂ ಬಂದೀನಿ, ಇಲ್ಲಿ ನಿಮ್ಮ ಚಿತ್ರ ಹಾಕ್ಯಾರಂತಲ್ಲ, ನಿಮ್ಮ ಸಂಗೀತ ಒಂದು ಸಲ ಕೇಳಿಬಿಡಾಣ ಅಂತ" ಎಂದರು. ಸಂಜೆಯ ಆಟಕ್ಕೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ನಾನು ಕೂತೆ. ಗಿರಿಜೆ ತಡಿಕೆಯ ಆಚೆ, ಹೆಂಗಸರ ಕಡೆ ಕೂತಳು. ಪರದೆಯ ಮೇಲೆ ಮೊದಲನೆಯ ಹಾಡು ಶುರುವಾಯಿತು. ಮಾವನವರು ಬಾಗಿ, "ಇದು ನಿಮ್ಮದೇನ್ರಿ?" ಎಂದರು. "ಇದಲ್ಲ ಮಾವ, ಬೇರೆಯವರದು" ಎಂದೆ. ಎರಡನೆಯದಕ್ಕೂ ಕೇಳಿದರು. ಐದನೆಯದಕ್ಕೂ ಕೇಳಿದರು. ಯಂತ್ರ ಒಂದೇ ಇದ್ದದ್ದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು; ಹತ್ತಿದಾಗಲೆಲ್ಲ ಅವರು ನನ್ನ ಮುಖ ನೋಡುತ್ತಿದ್ದರು. ಒಂಬತ್ತನೆಯ ಹಾಡು ಮುಗಿದಾಗ, "ಹಂಗಾದ್ರೆ ನಿಮ್ಮದು ಯಾವಾಗ ಬರ್ತೈತೆ?" ಎಂದರು. ಅಷ್ಟರಲ್ಲಿ ಚಿತ್ರವೇ ಮುಗಿಯಿತು.

ಜನ ಏಳಲಿಲ್ಲ. ನೆಲದ ಮೇಲೆ ಕೂತವರ ನಡುವಿನಿಂದ ಕೆಂಚಪ್ಪನೆಂಬ ಕುರಿಗಾರ ಯಜಮಾನ ಎದ್ದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. "ಸಾವ್ಕಾರ್ರೆ, ನಮ್ಮ ಹಾಡು ಬರ್ಲಿಲ್ಲ" ಎಂದ.

"ಒಂಬತ್ತು ಹಾಡು ಬಂದವಲ್ಲೋ!" ಎಂದರು ಚನ್ನವೀರಪ್ಪನವರು.

"ಅವು ಯಾರಿಗೆ ಬೇಕ್ರಿ? ಬಂಡಿ ಮ್ಯಾಲೆ ನುಡಿಸಿದ್ದು ಎಲ್ಲೈತೆ? ಮೂರು ದಿನ ಆತು, ಆ ಹಾಡು ನನ್ನ ತಲಿಯಾಗೆ ಅರ್ಧಕ್ಕೆ ನಿಂತೈತೆ. ಕುರಿ ಕರಿಯಾಕೆ ಬಾಯಿ ತೆರೆದ್ರೆ ಅದೇ ಬರ್ತೈತೆ, ಮುಂದಕ್ಕೆ ಹೋಗಂಗಿಲ್ಲ. ಕುರಿನೂ ನಿಂತುಬಿಡ್ತಾವೆ. ಉಳಿದಿದ್ದು ಕೇಳಿಸ್ರಿ. ಇಲ್ಲಾಂದ್ರೆ ನಾವು ಟೆಂಟಿನ ಹಗ್ಗ ಬಿಚ್ಚತೀವಿ."

ಬರಿಯ ಬೆದರಿಕೆಯಲ್ಲ. ನಾಲ್ಕಾರು ಜನ ಆಗಲೇ ಗೂಟದ ಕಡೆ ಹೋಗಿದ್ದರು. ಜಗಳೂರಿನ ಗಾಳಿಗೆ ಒಂದು ಹಗ್ಗ ಬಿಚ್ಚಿದರೆ ಟೆಂಟು ಪಕ್ಕದ ತಾಲ್ಲೂಕಿನಲ್ಲಿ ಸಿಗುತ್ತಿತ್ತು. ಚನ್ನವೀರಪ್ಪನವರು ನನ್ನ ರಟ್ಟೆ ಹಿಡಿದು ಪರದೆಯ ಮುಂದೆ ತಂದು ನಿಲ್ಲಿಸಿ, "ಇವರದೇ ಹಾಡು. ಇವರೇ ಮುಗಿಸ್ತಾರೆ" ಎಂದರು. ಮಾವನವರು ಕುರ್ಚಿಯಿಂದ ಅರ್ಧ ಎದ್ದರು. ಅಷ್ಟು ಹೊತ್ತಿಗೆ ಅವರಿಗೆ ಎಲ್ಲವೂ ಅರ್ಥವಾಗಿರಬೇಕು. ಇಮಾಮ್ ಸಾಬ್ ಹಾರ್ಮೋನಿಯಂ ತಂದಿಟ್ಟು ನನ್ನ ಕಿವಿಯಲ್ಲಿ, "ಮಾಸ್ತರೆ, ಮುಂದಿಂದು ಐತಾ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. "ಅಲ್ಲಾ!" ಎಂದು ಅವರು ತಮಟೆಯನ್ನು ಎದೆಗವಚಿಕೊಂಡರು.

ನುಡಿಸಿದೆ. ಮೊದಲರ್ಧ ನಿರಾಯಾಸವಾಗಿ ಬಂತು. ಜನ ತಲೆದೂಗಿದರು. ಅಂಚಿಗೆ ಬಂದೆ; ಮುಂದೆ ಪ್ರಪಾತ. ಹಿಂತಿರುಗಿ ಮತ್ತೆ ಮೊದಲಿನಿಂದ ಹಿಡಿದೆ. ಮತ್ತೆ ಅಂಚು. ಗಾಣದೆತ್ತಿನಂತೆ ಮೂರು ಸುತ್ತು ಬಂದೆ. ಕೆಂಚಪ್ಪ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ನಾಲ್ಕನೆಯ ಸಲ ಅಂಚಿಗೆ ಬಂದು ಅಲ್ಲೇ ನಿಂತುಬಿಟ್ಟೆ.

ಆಗ ತಡಿಕೆಯ ಆಚೆಯಿಂದ ಒಂದು ದನಿ ಬಂತು. ನಾನು ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಎತ್ತಿಕೊಂಡಿತು. ಮಾತಿಲ್ಲ, ಬರೀ ದನಿ. ನಾನು ಎಂದೂ ಯೋಚಿಸದ ಕಡೆ ತಿರುಗಿತು, ಒಂದು ಕಡೆ ಸ್ವಲ್ಪ ನಿಂತು ಉಸಿರಾಡಿತು, ಆಮೇಲೆ ಸಂಜೆ ದನ ಕೊಟ್ಟಿಗೆಗೆ ಬರುವ ಹಾಗೆ ಅವಸರವಿಲ್ಲದೆ ಷಡ್ಜಕ್ಕೆ ಬಂದು ನಿಂತಿತು. ಗಿರಿಜೆ! ಅವಳು ಹಾಡುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ನನ್ನ ಬೆರಳು ಹಾರ್ಮೋನಿಯಮ್ಮಿನ ಮೇಲೆ ಹಾಗೇ ಇತ್ತು, ಒತ್ತುವುದು ನೆನಪಾಗಲಿಲ್ಲ. ಕೊನೆಗೆ ಕೆಂಚಪ್ಪ ದೊಡ್ಡದಾಗಿ ಉಸಿರು ಬಿಟ್ಟು, "ಆತು. ಇನ್ನು ಮನಿಗೆ ಹೋಗಾಣ ನಡೀರಿ" ಎಂದ. ಹಗ್ಗ ಹಿಡಿದವರು ಹಗ್ಗ ಬಿಟ್ಟರು.

ಮನೆಗೆ ನಡೆಯುವಾಗ ಮಾವನವರು ಹತ್ತು ಹೆಜ್ಜೆ ಮುಂದಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಟೆಂಟಿನಲ್ಲಿ ದನಿ ಎತ್ತಿದ್ದಳು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ನಾನು ಮೆಲ್ಲಗೆ ಗಿರಿಜೆಯನ್ನು ಕೇಳಿದೆ, "ಇದು ಯಾವಾಗಿನಿಂದ?"

"ನ್ಯಾಮತಿಯಿಂದ. ನೀವು ತಂದ ಎಲ್ಲಾನೂ ಮುಗಿಸೀನಿ. ಅರ್ಧ ಬಿಟ್ಟ ಹಾಡು ಮನಿಯಾಗೆ ಇಟ್ಕೊಂಡು ಅಡಿಗಿ ಮಾಡಾಕೆ ಆಗಂಗಿಲ್ಲ ನನಗೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವನ್ನೂ ಬಂಡಿ ಮ್ಯಾಲೆ ಹೇರ್ತಿದ್ರಿ. ಇವು ನನ್ನವು ಆಗಿರ್ಲಿ ಅಂತ." ಆಮೇಲೆ, "ಇವತ್ತು ನಿಮ್ಮ ಮುಖ ನೋಡಾಕೆ ಆಗ್ಲಿಲ್ಲ, ಅದಕ್ಕೆ" ಎಂದಳು.

ಮರುದಿನ ಬೆಳಿಗ್ಗೆ ಮಾವನವರು ಎರಡು ರೊಟ್ಟಿ ಉಂಡರು. ಮೂರನೆಯದಕ್ಕೆ ಕೈ ಹಾಕಿ, "ನಮ್ಮವ್ವ ಬೀಸೋ ಕಲ್ಲಿನ ಮುಂದೆ ಹಿಂಗೇ ಹಾಡ್ತಿದ್ಲು. ಈಕಿ ಸಣ್ಣಾಕಿ ಇದ್ದಾಗ ಹಾಡಬ್ಯಾಡ ಅಂತ ಬಾಯಿ ಮುಚ್ಚಿಸಿದಾವ ನಾನೇ" ಎಂದರು. ಗಿರಿಜೆ ಒಲೆಯ ಕಡೆ ತಿರುಗಿಕೊಂಡಳು. ಅವರು ನನ್ನನ್ನು ನೋಡಿ, "ನಿಮ್ಮ ಕೆಲಸ ಏನು ಅಂತ ಇವತ್ತು ತಿಳೀತು ಬಿಡ್ರಿ" ಎಂದರು. "ಏನು ಮಾವ?" ಎಂದೆ ಅಳುಕುತ್ತ. "ಆಕಿಗೆ ಶುರು ಮಾಡಿಕೊಡೋದು" ಎಂದರು. ಬೈದರೋ ಹೊಗಳಿದರೋ ನನಗೆ ಇಂದಿಗೂ ತಿಳಿದಿಲ್ಲ. ಚನ್ನವೀರಪ್ಪನವರು ಗಿರಿಜೆ ಬಂಡಿಯಲ್ಲಿ ಹಾಡಲೆಂದು ಎರಡು ಸಲ ಹೇಳಿಕಳಿಸಿದರು. ಅವಳು ಒಪ್ಪಲಿಲ್ಲ. ಆದರೆ ನಾನು ಹೊಸ ಮಟ್ಟು ಹಿಡಿದಾಗಲೆಲ್ಲ ಒಳಗಿನಿಂದ, "ಅಲ್ಲಿ ಅಷ್ಟು ಅವಸರ ಬ್ಯಾಡ್ರಿ" ಎಂಬ ಮಾತು ಬರತೊಡಗಿತು. ಆ ಮಾತು ಬಂದ ಮೇಲೆ ಮಟ್ಟುಗಳು ಸುಧಾರಿಸಿದವು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಬೇಕಾಯಿತು.

ಯುದ್ಧ ಶುರುವಾಗಿ ಬಸ್ಸುಗಳು ಇದ್ದಿಲಿನ ಹೊಗೆ ಕಾರುತ್ತ ಓಡಾಡುವ ಕಾಲಕ್ಕೆ ಚನ್ನವೀರಪ್ಪನವರು ಒಂದು ಧ್ವನಿವರ್ಧಕ, ಒಂದು ಗ್ರಾಮಾಫೋನು, ಚಿತ್ರಗಳ ನಿಜವಾದ ಹಾಡಿನ ಪ್ಲೇಟುಗಳನ್ನು ತಂದರು. ಇಮಾಮ್ ಸಾಬ್ ಸವಳಂಗದ ಕಡೆ ಮದುವೆಯ ಬ್ಯಾಂಡು ಸೇರಿಕೊಂಡರು. ನನಗೆ ಪ್ಲೇಟು ತಿರುಗಿಸುವ, ಸೂಜಿ ಬದಲಿಸುವ ಕೆಲಸ ಉಳಿಯಿತು. ಬಂಡಿ ಬರಿದಾಗಿ ಕಾಣಬಾರದೆಂದು ಹಾರ್ಮೋನಿಯಮ್ಮನ್ನೂ ಮುಂದೆ ಇಡಿಸಿದರು. ಆ ವರ್ಷವೇ ಟೆಂಟು ಬಸವಾಪಟ್ಟಣಕ್ಕೂ ಹೋಯಿತು. ಬಂಡಿ ಮಾವನವರ ಮನೆಯ ಮುಂದೆ ಬಂದಾಗ ಅವರು ನಾಲ್ಕು ಜನ ಸ್ನೇಹಿತರ ಜೊತೆ ಜಗಲಿಯಲ್ಲಿ ಕೂತಿದ್ದರು. ಪಿಟೀಲು, ಕೊಳಲು, ತಬಲ, ಇನ್ನೂ ಹತ್ತೆಂಟು ವಾದ್ಯಗಳು ಒಟ್ಟಿಗೆ ಮೊಳಗುತ್ತಿದ್ದವು. ಧ್ವನಿವರ್ಧಕವೆಂಬುದನ್ನು ಆ ಬೀದಿ ಇನ್ನೂ ಕಂಡಿರಲಿಲ್ಲ. ಗ್ರಾಮಾಫೋನು ತಟ್ಟಿಯ ಮರೆಯಲ್ಲಿತ್ತು; ಕಂಡದ್ದು ಹಾರ್ಮೋನಿಯಂ, ಅದರ ಹಿಂದೆ ನಾನು. ಮಾವನವರು ಅದು ಮುಗಿಯುವವರೆಗೂ ಕಣ್ಣುಮುಚ್ಚಿ ಕೇಳಿ, ಎದ್ದುಬಂದು ಬಂಡಿಯ ಗೂಟ ಹಿಡಿದು, ನಾಲ್ಕು ಜನಕ್ಕೂ ಕೇಳುವಂತೆ, "ಅಳಿಯಂದಿರೆ, ಈಗ ಬಂತು ನೋಡ್ರಿ ನಿಮಗೆ ಕೈ! ಎಷ್ಟು ಚೆಂದ ನುಡಿಸಿದ್ರಿ!" ಎಂದರು.

ನಾನೇ ನುಡಿಸಿದ ಅಷ್ಟು ವರ್ಷಗಳಲ್ಲಿ ಸಿಗದ ಮೆಚ್ಚುಗೆ ಕೈಕಟ್ಟಿ ಕೂತಾಗ ಸಿಕ್ಕಿತ್ತು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಬಾಗಿಲ ಹಿಂದೆ, ತವರಿಗೆ ಬಂದಿದ್ದ ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ಮೆಲ್ಲಗೆ ಎದ್ದು ನಿಂತು ಎರಡೂ ಕೈ ಜೋಡಿಸಿ, "ಎಲ್ಲಾ ಹಿರಿಯರ ಆಶೀರ್ವಾದ" ಎಂದೆ.