ಆಲೆಮನೆಗೆ ಹೋದ ಸೈಲೆನ್ಸರ್

ಮೊದಲೇ ಹೇಳಿಬಿಡುತ್ತೇನೆ, ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ಅತ್ತೆಯ ಕಾರು ಬೂದು ಬಣ್ಣದ್ದೆಂದು ನಾನು ಆಣೆ ಮಾಡಲು ಸಿದ್ಧ. ಹಸಿರು ಎಂದು ಅಮ್ಮ ಆಗಲೇ ಆಣೆ ಮಾಡಿಬಿಟ್ಟಿದ್ದಾರೆ. ಎಂ.ಎ. ಓದಿದವಳೆಂದು ನನ್ನ ಮಾತನ್ನೇ ನಂಬಬೇಕಿಲ್ಲ. ಆದರೆ ಒಂದು ಮಾತ್ರ ಖಂಡಿತ. ಎಪ್ಪತ್ತರ ದಶಕದ ಮದ್ದೂರಿನಲ್ಲಿ ನಮ್ಮ ಸೋದರತ್ತೆಯಷ್ಟು ವಾಹನಗಳ ಬೆನ್ನು ನೋಡಿದವರು ಇನ್ನೊಬ್ಬರಿರಲಿಲ್ಲ. ಬಸ್ಸು ಬಂದರೆ ಎಲ್ಲರೂ ಬೋರ್ಡು ನೋಡುತ್ತಿದ್ದರು. ಅತ್ತೆ ಹಿಂದೆ ಹೋಗಿ ಹೊಗೆ ನೋಡುತ್ತಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಹಳೇ ಕಾರಿನೊಂದಿಗೆ ನಮ್ಮ ಮನೆಗೆ ಬಂದವರು. ಕಾರು ಓಡಿಸುವುದನ್ನೂ ರಿಪೇರಿಯನ್ನೂ ಮಾವನೇ ಕಲಿಸಿದ್ದರಂತೆ.

"ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಪೂರ್ತಿ ಉರೀತಿಲ್ಲ. ನೀಲಿ ಅಂದ್ರೆ ಆಯಿಲ್ ಸುಡ್ತಿದೆ. ಬಿಳಿ ಹೊಗೆ ನಿಲ್ಲದೇ ಬಂದ್ರೆ ನೀರು ಒಳಗೆ ನುಗ್ಗಿದೆ. ಹೊಗೆ ಸುಳ್ಳು ಹೇಳಲ್ಲ ಕಣೇ." ಬೇರೆ ಮನೆಗಳಲ್ಲಿ ಅತ್ತೆಯರು ಹಾಡು ಹೇಳಿಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಇದು.

ಒಮ್ಮೆ ಮಂಡ್ಯಕ್ಕೆ ಹೊರಟಿದ್ದೆವು. ಅತ್ತೆ ಬಸ್ಸಿನ ಹಿಂದೆ ಬಗ್ಗಿ ನಿಂತದ್ದನ್ನು ಕಂಡು ಡ್ರೈವರು ಕತ್ತು ಹೊರಗೆ ಹಾಕಿದ.

"ಏನಮ್ಮಾ, ನನ್ ಬಸ್ಸಿಗೆ ನಾಡಿ ಇಡ್ದು ನೋಡ್ತಿದ್ದೀರಾ?"

"ನೋಡಿದೆ. ಕಪ್ಪು ಹೊಗೆ. ಏರ್ ಫಿಲ್ಟರ್ ತೊಳಿಸಪ್ಪ."

"ಅದ್ನ ಡಿಪೋದವ್ರಿಗೆ ಏಳಿ. ನೀವು ಅತ್ತೀರೋ, ಬುಟ್ಟೋಗ್ಲೋ?"

ಬಿಟ್ಟು ಹೋದ. ಮುಂದಿನ ಬಸ್ಸಿಗೆ ಕಾದೆವು. ಅದರ ಹೊಗೆಯೂ ಅತ್ತೆಗೆ ಹಿಡಿಸಲಿಲ್ಲ.

ನನ್ನನ್ನು ನೋಡಲು ಒಬ್ಬ ಗಂಡು ಮೋಟಾರ್ ಸೈಕಲ್ಲಿನಲ್ಲಿ ಬಂದಾಗಲೂ ಹೀಗೇ. ಅವನು ಉಪ್ಪಿಟ್ಟು ಮುಗಿಸುವಷ್ಟರಲ್ಲಿ ಅತ್ತೆ ಅಂಗಳಕ್ಕೆ ಹೋಗಿ ಬಂದು, ಅಪ್ಪನ ಕಿವಿಯಲ್ಲಿ, ಆದರೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ಸೈಲೆನ್ಸರ್ ತೂತಾಗಿದೆ ಕಣೋ. ಹಳೇ ಬನಿಯನ್ ಸುತ್ತಿದ್ದಾನೆ, ಅದೂ ಅರ್ಧ ಸುಟ್ಟಿದೆ. ಇಂಥವನ ಕೈಗೆ ಹುಡುಗೀನ ಕೊಡ್ತೀಯಾ?" ಗಂಡು ಎದ್ದು ಹೋದ. ಅವನ ಗಾಡಿಯ ಸದ್ದು ಶಿಂಷಾ ಹೊಳೆ ದಾಟುವವರೆಗೂ ಕೇಳಿಸಿತು ಎಂದು ನನ್ನ ನೆನಪು. ಇದು ನನ್ನ ಸಂತೋಷ ಸೇರಿಸಿಕೊಂಡ ವಿವರವೂ ಇರಬಹುದು. ನಾನು ಮೈಸೂರಿಗೆ ಹೋಗಿ ಎಂ.ಎ. ಸೇರಿದೆ.

ಹೀಗಿರುವಾಗ, ನಾನು ರಜೆಗೆ ಮನೆಗೆ ಬಂದಿದ್ದಾಗ, ಅತ್ತೆಯ ಕಾರೇ ಕೈಕೊಟ್ಟಿತು. ಸಣ್ಣ ದಿಬ್ಬ ಕಂಡರೂ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅಪ್ಪ ಮಳವಳ್ಳಿಯ ಅಕ್ಕಿ ಗಿರಣಿಯ ಯಜಮಾನರೊಬ್ಬರನ್ನು ಕರೆಸಿದರು. ಅವರು ಬಾನೆಟ್ಟಿನ ಮೇಲೆ ತಟ್ಟಿ, "ಇಂಜಿನ್ ಓಗ್ಬುಟ್ಟೈತೆ ಸ್ವಾಮಿ. ಗುಜರಿ ರೇಟಿಗೆ ಕೊಟ್ಬುಡಿ" ಎಂದರು. ಅಪ್ಪ ಒಪ್ಪಿ ತಲೆಯಾಡಿಸಿದರು.

ಅತ್ತೆ ಜಗಳವಾಡಲಿಲ್ಲ. ಸಂಜೆ ಹೊಸ್ತಿಲ ಮೇಲೆ ಕೂತು, "ನಿನ್ನ ಭಾವನ ಕೈಯಿಂದ ನನಗೆ ಉಳಿದಿರೋದು ಅದೊಂದೇ ಕಣೋ" ಎಂದರು. ಅಪ್ಪ ಒಂದು ಶರತ್ತು ಹಾಕಿದರು: "ಭಾನುವಾರ ಮಳವಳ್ಳಿಗೆ ಹೋಗಿ ಎಲ್ಲೂ ಕೆಟ್ಟು ನಿಲ್ಲದೇ ವಾಪಸ್ ಬಂದ್ರೆ ಕಾರು ನಿನ್ನದು, ಅಕ್ಕ. ದಾರೀಲಿ ನಿಂತ್ರೆ ಅಲ್ಲಿಂದಲೇ ಗಿರಣಿಯವರಿಗೆ."

ಮರುದಿನ ಅತ್ತೆ ನನ್ನಿಂದ ಕಾರು ಚಾಲೂ ಮಾಡಿಸಿ, ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹೊಗೆ ಕೊಳವೆಯ ಬಾಯಿಗೆ ಅಂಗೈ ಒಡ್ಡಿದರು. "ಗಾಳೀನೇ ಬರ್ತಿಲ್ಲ ಕಣೇ. ಎಂಜಿನ್ ಚೆನ್ನಾಗೇ ಇದೆ. ಉಸಿರು ಬಿಡೋಕೆ ದಾರಿ ಇಲ್ಲ ಅಷ್ಟೆ. ಸೈಲೆನ್ಸರ್ ತುಂಬ ಮಸಿ."

ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಸೀರೆ ಎತ್ತಿ ಕಟ್ಟಿ, ಕಾರಿನ ಕೆಳಗೆ ನುಗ್ಗಿ ಸೈಲೆನ್ಸರ್ ಕಳಚಿದರು. ಮಸಿಯನ್ನು ಸುಡಬೇಕು, ಆದರೆ ನಮ್ಮ ಬಚ್ಚಲ ಒಲೆಗೆ ಅದರ ಮೂತಿ ಮಾತ್ರ ಹಿಡಿಸಿತು. ಅಷ್ಟು ದೊಡ್ಡ ಒಲೆ ಇನ್ನೆಲ್ಲಿದೆ? ಎತ್ತಿನ ಗಾಡಿ ಕಟ್ಟಿಸಿಕೊಂಡು ಶಿವಪುರದ ಹತ್ತಿರದ ಆಲೆಮನೆಗೆ ಹೋದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು.

"ಏನವ್ವ ಇದು, ಬೆಲ್ಲದ ಒಲೆಗೆ ಕಬ್ಣ ತಂದಿದ್ದೀರಾ?" ಎಂದ ಬೆಲ್ಲ ತೆಗೆಯುವ ಗೌಡ.

"ಕೊಪ್ಪರಿಗೆಗೆ ಹಾಕು ಅಂದೆನೇನಪ್ಪ? ಒಲೆ ಬಾಯಿಗೆ ಇಡು."

"ಬೆಲ್ಲ ಪೆಟ್ರೋಲ್ ವಾಸ್ನೆ ಒಡುದ್ರೆ ಅಷ್ಟೂನೂ ನೀವೇ ತಿನ್ಬೇಕು."

"ತಿಂತೀನಿ. ಇಡು."

ಇಟ್ಟ. ಕಬ್ಬಿನ ಸಿಪ್ಪೆಯ ಉರಿಗೆ ಸೈಲೆನ್ಸರ್ ಒಳಗಿನ ಜಿಡ್ಡು ಮಸಿಯೆಲ್ಲ ತಾನೇ ಹೊತ್ತಿಕೊಂಡಿತು. ಆರಿದ ಮೇಲೆ ಅತ್ತೆ ಮರದ ಕೊಡತಿಯಿಂದ ತಟ್ಟಿದರು. ಮೊರದಷ್ಟು ಕರಿ ಸುರಿಯಿತು. ಗೌಡ ಅದನ್ನೂ ಅತ್ತೆಯನ್ನೂ ನೋಡಿ ಕಬ್ಬು ಅರೆಯುವ ಯಂತ್ರದ ಕಡೆ ತಿರುಗಿದ. "ಅಂಗೇ ನಮ್ ಇಂಜಿನ್ ಒಗೇನೂ ಒಸಿ ನೋಡ್ಬುಡವ್ವ."

ಭಾನುವಾರ ಅಪ್ಪ ಹಿಂದಿನ ಸೀಟಿನಲ್ಲಿ ನ್ಯಾಯಾಧೀಶರಂತೆ ಕೂತರು. ಕಾರು ಹೋದದ್ದನ್ನು ಹೇಗೆ ಹೇಳಲಿ? ಹಳೇ ದಿಬ್ಬಗಳೆಲ್ಲ ತಲೆ ತಗ್ಗಿಸಿ ದಾರಿ ಬಿಟ್ಟವು. ಮಳವಳ್ಳಿಯ ಗಿರಣಿ ಮುಂದೆ ಅತ್ತೆ ಎಂಜಿನ್ ಆರಿಸದೇ, "ಹಿಂದೆ ಬಂದು ಕೈ ಒಡ್ಡಿ ನೋಡಪ್ಪ" ಎಂದರು. ಗಿರಣಿಯವರು ನೋಡಿದರು. ಮೂಸಿಯೂ ನೋಡಿದರು.

"ಬೆಲ್ಲದ ವಾಸ್ನೆ ಬತ್ತೈತಲ್ಲ ಸ್ವಾಮಿ! ಒಳ್ಳೇ ರೇಟೇ ಕೊಡ್ತೀನಿ, ಬುಟ್ಕೊಡಿ."

"ಅಕ್ಕ ಕೊಡಲ್ಲ," ಎಂದರು ಅಪ್ಪ. ಅತ್ತೆ ಗೇರು ಹಾಕಿದರು.

ಕೆಡದೇ, ಕೆಮ್ಮದೇ ಮದ್ದೂರು ಮುಟ್ಟಿದೆವು. ಗೆದ್ದ ಹುರುಪಿನಲ್ಲಿ ಅತ್ತೆ ಬಸ್ ನಿಲ್ದಾಣದ ಮುಂದೆ ಬೇಕೆಂದೇ ಒಂದು ಸುತ್ತು ಹಾಕಿ, ಪೆಟ್ರೋಲ್ ಬಂಕಿಗೆ ತಿರುಗಿಸಿದರು. ಬಂಕಿನವನು ಕಿಟಕಿಯಲ್ಲಿ ಬಗ್ಗಿ ಅಪ್ಪನನ್ನು ಕೇಳಿದ: "ಏನ್ ಸ್ವಾಮಿ, ನೆನ್ನೆ ತಾನೇ ಡಬ್ಬ ತುಂಬ ತಕ್ಕೊಂಡೋದ್ರಲ್ಲ, ಆಗ್ಲೇ ಕಾಲಿ ಮಾಡ್ಬುಟ್ರಾ?"

ಅತ್ತೆಯ ಕೈ ಸ್ಟೀರಿಂಗಿನ ಮೇಲೇ ನಿಂತಿತು. ಸೈಲೆನ್ಸರಿನ ಗುಂಗಿನಲ್ಲಿ ಆ ವಾರವೆಲ್ಲ ಅವರು ಟ್ಯಾಂಕಿಗೆ ಒಂದು ತೊಟ್ಟೂ ಹಾಕಿರಲಿಲ್ಲ; ನನಗೂ ಹೊಳೆದಿರಲಿಲ್ಲ. ಅಪ್ಪ ಗುಟ್ಟಾಗಿ ಟ್ಯಾಂಕು ತುಂಬಿಸದೇ ಇದ್ದಿದ್ದರೆ ಮಳವಳ್ಳಿಯ ದಾರಿಯ ಯಾವುದೋ ಹುಣಸೆ ಮರದ ಕೆಳಗೆ ಕಾರು ಅತ್ತೆಯ ಕೈಬಿಟ್ಟು ಹೋಗುತ್ತಿತ್ತು. ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಬಂಕಿನಿಂದ ಮನೆಯವರೆಗೆ ಅತ್ತೆ, ಹಿಂದೆ ಮಲಗಿದ ಮಗುವಿರುವ ಹಾಗೆ, ಕಾರನ್ನು ಮೆಲ್ಲಗೆ ಓಡಿಸಿದರು.

ಮರುದಿನ ಅಪ್ಪ ಪೇಪರು ಓದುತ್ತಿದ್ದಾಗ ಕೇಳಿದೆ. ಪುಟ ತಿರುಗಿಸಿದರು. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ, ಇನ್ನೂ ಪುಟ ತಿರುಗಿಸುತ್ತಲೇ ಇದ್ದಾರೆ.

"ಅಪ್ಪಾ, ನೀವು ಶರತ್ತು ಹಾಕಿದ್ದೇ ಅತ್ತೆ ಗೆಲ್ಲಲಿ ಅಂತನಾ?"