ಕಾಲು ಮುಟ್ಟಿದ್ದಕ್ಕೆ ಕೆಂಪು ಕಾರ್ಡು

ಮನೆತನದಲ್ಲಿ ಮೊದಲ ಸಲ ಡಿಗ್ರಿ ಮಾಡಿದವನಿಗೆ ‘ನನಗೆ ಗೊತ್ತಿಲ್ಲ’ ಎನ್ನುವ ಹಕ್ಕು ಇರುವುದಿಲ್ಲ. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವನು, ಅದೂ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುತ್ತ. ಆ ಹೆಮ್ಮೆ ಇನ್ನೂ ಇಳಿದಿಲ್ಲ. ಆದರೆ ಶಹಾಬಾದದ ನಮ್ಮ ಓಣಿಯವರು ಕರೆಂಟ್ ಬಿಲ್ಲಿನಿಂದ ಹಿಡಿದು ಕೂಸಿನ ಔಷಧಿಯ ಬಾಟಲಿಯವರೆಗೆ ಎಲ್ಲವನ್ನೂ ನನ್ನ ಮುಖಕ್ಕೇ ಹಿಡಿಯುತ್ತಾರೆ. ಕಳೆದ ವಾರ ಹಿಡಿದದ್ದು ಫುಟ್‌ಬಾಲಿನ ಕೆಂಪು ಕಾರ್ಡು. ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಟೂರ್ನಮೆಂಟಿನ ಅಪೀಲು ಸಮಿತಿಯ ಅಧ್ಯಕ್ಷನಾಗಿದ್ದೆ.

ಆದದ್ದು ಇಷ್ಟು. ಸೆಮಿಫೈನಲ್ಲಿನಲ್ಲಿ ನಮ್ಮ ಓಣಿಯ ಮಲ್ಲು ಒಬ್ಬನನ್ನು ಅಡ್ಡಗಾಲು ಹಾಕಿ ಕೆಡವಿದ. ರೆಫ್ರಿ ಗುರುನಾಥ ಮಾಸ್ತರು ಹಳದಿ ಕಾರ್ಡು ತೋರಿಸಿದರು. ಮಲ್ಲುಗೆ ಶಾಲೆಯಲ್ಲಿ ಕಲಿಸಿದವರು ಅವರೇ. ಅವರು ಗದರಿದ ತಕ್ಷಣ ಕಾಲು ಮುಟ್ಟಿ ತಪ್ಪಾಯಿತೆನ್ನುವುದು ಅವನಿಗೆ ಆಗಿನಿಂದ ಬಂದ ಅಭ್ಯಾಸ. ದಬಕ್ಕನೆ ಬಗ್ಗಿ ಕಾಲು ಹಿಡಿದ. ಮಾಸ್ತರು ಗಾಬರಿಯಾಗಿ ಹಿಂದೆ ಸರಿದರು. ಕಾಲು ಮಾತ್ರ ಅವನ ಕೈಯಲ್ಲೇ ಉಳಿಯಿತು. ಅಂಗಾತ ಬಿದ್ದವರು ಬಿದ್ದಲ್ಲಿಂದಲೇ ಕೆಂಪು ಕಾರ್ಡು ಎತ್ತಿದರು. ಈಗ ಮಲ್ಲು ಪಕ್ಕದೂರು ವಾಡಿಯವರ ಎದುರಿನ ಫೈನಲ್ ಆಡುವಂತಿಲ್ಲ.

“ಕಾಲಿಗಿ ಬಿದ್ದೋರಿಗೂ ರೆಡ್ ಕಾರ್ಡ್ ಏನ್ರಿ ಸರ?” ನನ್ನ ಮನೆಯ ಕಟ್ಟೆಯ ಮೇಲೆ ಮಲ್ಲು ಅಳುವುದೊಂದೇ ಬಾಕಿ.

“ಬಿದ್ದೋರು ನೀ ಅಲ್ಲೋ, ಅವರು” ಎಂದೆ.

ಅಷ್ಟರಲ್ಲಿ ವಾಡಿಯ ಕ್ಯಾಪ್ಟನ್ನನ ಫೋನು. “ರೆಫ್ರಿ ಮೈಗಿ ಕೈ ಹಚ್ಚಂಗಿಲ್ರಿ ಸರ. ಕಾಲು ಮೈಯಾಗ ಬರಂಗಿಲ್ಲೇನ್ರಿ? ನೀವು ಓದಿದೋರು, ನೀವ ಹೇಳ್ರಿ.” ಅವನ ಮಾತೂ ಸರಿ ಅನಿಸಿತು. ಓದಿನಿಂದ ನನಗಾದ ದೊಡ್ಡ ನಷ್ಟವೇ ಇದು, ಎಲ್ಲರ ಮಾತೂ ಸರಿ ಅನಿಸುವುದು.

ಸಂಜೆ ಮಾಸ್ತರೇ ಸೊಂಟ ಹಿಡಿದುಕೊಂಡು ಬಂದರು.

“ಕುಂದ್ರಿ ಸರ.”

“ಕುಂದ್ರಾಕ ಆಗವಲ್ದಪ್ಪಾ, ನಿಂತೇ ಹೇಳ್ತೀನಿ. ಹುಡುಗ ಆಡ್ಲಿ, ಅವನ ಮನಸಿನಾಗ ಏನೂ ಇದ್ದಿಲ್ಲ. ಆದ್ರ ನಾ ತೋರಿಸಿದ ಕಾರ್ಡ್ ತಪ್ಪು ಅಂತ ಬರೀಬ್ಯಾಡ. ನಾಳೆ ನಾ ಸೀಟಿ ಊದಿದ್ರ ಯಾರು ನಿಂದ್ರತಾರ?”

ಕಾರ್ಡು ಸರಿ ಎಂದರೆ ಮಲ್ಲು ಹೊರಗೆ, ತಪ್ಪು ಎಂದರೆ ಮಾಸ್ತರು ಹೊರಗೆ. “ನಿಮ್ಮ ಕೋರ್ಟ್ ಏಳೂದು ಯಾವಾಗ್ರಿ? ಸಾರು ಆರಾಕತ್ತದ” ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಹಸಿವಾಗಿತ್ತು, ಬರೆದುಬಿಟ್ಟೆ: ಕಾರ್ಡು ಸರಿಯಾಗಿದೆ, ಮೈದಾನದಿಂದ ಹೊರಗೆ ಹೋದದ್ದೇ ಸಾಕಷ್ಟು ಶಿಕ್ಷೆ, ಮಲ್ಲು ಫೈನಲ್ ಆಡಬಹುದು.

ಫೈನಲ್ಲಿನ ಬೆಳಿಗ್ಗೆ ವಾಡಿಯ ಕ್ಯಾಪ್ಟನ್ ಬಾಗಿಲಿಗೇ ಬಂದ. “ಸರ, ನಿಮ್ಮ ತೀರ್ಪಿನ ಮ್ಯಾಲ ಅಪೀಲ್ ಮಾಡಬೇಕು. ಯಾರ ಮುಂದ ಮಾಡಬೇಕ್ರಿ?”

ಸಮಿತಿಗೆ ಇನ್ನೂ ಸದಸ್ಯರು ಸಿಕ್ಕಿರಲಿಲ್ಲ. “ನನ್ನ ಮುಂದೇ ಮಾಡಪ್ಪಾ” ಎಂದೆ.

ಅವನು ಸೊಗಸಾಗಿ ವಾದಿಸಿದ. ತೀರ್ಪು ಬರೆದ ಮನುಷ್ಯನಿಗೆ ಫುಟ್‌ಬಾಲಿನ ಗಂಧವೂ ಇಲ್ಲವೆಂದು ನನಗೇ ಮನವರಿಕೆಯಾಗುವಂತೆ ವಾದಿಸಿದ. ಆದರೆ ಮಲ್ಲು ಬೂಟು ಹೆಗಲಿಗೆ ಹಾಕಿಕೊಂಡು ಆಗಲೇ ಓಣಿ ದಾಟಿದ್ದ. ಅವನನ್ನು ಹಿಂದಕ್ಕೆ ಕರೆಯುವ ಶಕ್ತಿ ನನ್ನಲ್ಲಿರಲಿಲ್ಲ. ‘ಕೂಲಂಕಷವಾಗಿ ಪರಿಶೀಲಿಸಿ ಅಪೀಲನ್ನು ವಜಾ ಮಾಡಲಾಗಿದೆ’ ಎಂದು ದುಂಡಗೆ ಬರೆದು ಸಹಿ ಹಾಕಿದೆ.